ಒಂದು ಲೋಲಕ, ಎರಡು ಲೋಲಾಕು

ಆ ಚಿತ್ರ ನನಗೆ ಈಗಲೂ ಸ್ಪಷ್ಟವಾಗಿ ಕಾಣುತ್ತದೆ. ಅರ್ಧ ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಬರೆದದ್ದು: ಮೇಲೊಂದು ಮೊಳೆ, ಮೊಳೆಯಿಂದ ಇಳಿದ ದಾರ, ದಾರದ ತುದಿಯಲ್ಲಿ ಕೆಳಗೆ ಚೂಪಾದ ಒಂದು ಗುಂಡು. ಗುಂಡಿನ ಪಕ್ಕದಲ್ಲಿ ಅಳತೆ. ಆ ಅಂಕಿಯನ್ನು ಒಮ್ಮೆ ಅಳಿಸಿ ತಿದ್ದಿದ್ದು ಕೂಡ ನೆನಪಿದೆ. ತೊಂದರೆ ಏನೆಂದರೆ, ಆ ಚಿತ್ರವನ್ನು ನಾನು ಬರೆಯಲೇ ಇಲ್ಲ.

ಅದು ನಲವತ್ತರ ದಶಕ, ಯುದ್ಧ ಇನ್ನೂ ಮುಗಿದಿರಲಿಲ್ಲ. ಭೌತಶಾಸ್ತ್ರದ ಪದವಿ ಪಡೆದು ನಾನು ಒಂದು ಕಾಲೇಜಿನ ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದೆ. ನನಗೆ ಕಲಿಸಿದ ಮೇಷ್ಟ್ರು ನಿವೃತ್ತರಾಗಿ ಹಲಸೂರು ಕೆರೆಯ ಹತ್ತಿರ ಮನೆ ಮಾಡಿದ್ದರು. ಅವರಿಗೆ ಕಲ್ಲುಗಳ ಹುಚ್ಚು. ನಡುಮನೆಯ ಬೀರುವಿನ ಖಾನೆಗಳಲ್ಲಿ ಹತ್ತಿ ಹಾಸಿ, ಪ್ರತಿ ಕಲ್ಲಿಗೂ ಒಂದು ಚೀಟಿ ಅಂಟಿಸಿ ಇಟ್ಟಿದ್ದರು. ಅದೇ ಹುಚ್ಚಿನ ಮೂರು ನಾಲ್ಕು ಜನ ಭಾನುವಾರ ಬೆಳಿಗ್ಗೆ ಅಲ್ಲಿ ಸೇರುತ್ತಿದ್ದರು. ಕಲ್ಲು ನೋಡುವುದು, ಕಾಫಿ ಕುಡಿಯುವುದು, ವಾದ ಮಾಡುವುದು. ನಾನು ವಾದಕ್ಕೆ ಹೋಗುತ್ತಿದ್ದೆ. ಆಗ ನನಗೆ ಯಾವುದರಲ್ಲೂ ನಂಬಿಕೆ ಇರಲಿಲ್ಲ, ನನ್ನ ಬುದ್ಧಿಯೊಂದನ್ನು ಬಿಟ್ಟು.

ಅಲ್ಲಿಗೆ ಬರುತ್ತಿದ್ದವರಲ್ಲಿ ಒಬ್ಬರು ಕಂಟ್ರಾಕ್ಟರು. ಕೃಷ್ಣರಾಜಪುರದ ಕಡೆ ಬಾವಿ ತೋಡಿಸುವವರು ಅವರನ್ನು ಕರೆಸಿಕೊಳ್ಳುತ್ತಿದ್ದರು. ದಾರಕ್ಕೆ ಒಂದು ಹಿತ್ತಾಳೆ ಗುಂಡು ಕಟ್ಟಿ ಹಿಡಿದು ಹೊಲದಲ್ಲಿ ನಡೆದರೆ, ನೀರಿರುವ ಕಡೆ ಗುಂಡು ತಾನಾಗಿಯೇ ಸುತ್ತುತ್ತದೆ ಎನ್ನುವುದು ಅವರ ನಂಬಿಕೆ. ಒಂದು ಭಾನುವಾರ ಅವರು, ಹಿತ್ತಾಳೆಗಿಂತ ಕಲ್ಲಿನ ಗುಂಡು ಚುರುಕು, ಅದರಲ್ಲೂ ನೀಲಿ ಕಲ್ಲು, ಎಂದರು.

"ಹಾಗಾದ್ರೆ ಮಾಡಿಸೇ ಬಿಡೋಣ," ಎಂದರು ಮೇಷ್ಟ್ರು. "ಹತ್ತು ಬಕೀಟು ಮುಚ್ಚಿಡ್ತೀನಿ. ಐದ್ರಲ್ಲಿ ನೀರು, ಐದು ಖಾಲಿ. ನೀವು ಹುಡುಕಿ."

ಅದಕ್ಕೆಂದು ಅವರು ಹೊರತೆಗೆದದ್ದು ತಮ್ಮಲ್ಲಿದ್ದ ಅತ್ಯುತ್ತಮ ಕಲ್ಲು. ಅವರು ಅದನ್ನು ರಾಜಾವರ್ತ ಎನ್ನುತ್ತಿದ್ದರು. ಒಣಹಣ್ಣು ಮಾರುವ ಕಾಬೂಲಿಯೊಬ್ಬನಿಂದ ಕೊಂಡದ್ದು, ಮುಷ್ಟಿಗಿಂತ ಸ್ವಲ್ಪ ಚಿಕ್ಕದು. ಕಡುನೀಲಿ ಬಣ್ಣ, ಒಳಗೆಲ್ಲ ಚಿನ್ನದ ಪುಡಿ ಚೆಲ್ಲಿದಂಥ ಚುಕ್ಕೆ, ನಟ್ಟನಡುವೆ ಹಾಲಿನ ಗೆರೆಯಂಥ ಒಂದು ಬಿಳಿ ಪಟ್ಟಿ. ಆ ಪಟ್ಟಿಯೇ ಅದರ ಚೆಂದ ಎಂದು ಮೇಷ್ಟ್ರು ಹೇಳುತ್ತಿದ್ದರು. ಇಡೀ ಕಲ್ಲನ್ನು ಒಂದೇ ಗುಂಡಾಗಿ ತಿದ್ದಿಸಿ, ಹೊಳಪು ಕೊಡಿಸಿ, ಪ್ರಯೋಗ ಮುಗಿದ ಮೇಲೆ ಬೀರುವಿನಲ್ಲಿ ತೂಗುಹಾಕಬೇಕು ಎನ್ನುವುದು ಅವರ ಆಸೆ.

ಕಲ್ಲನ್ನು ನನ್ನ ಕೈಗಿಟ್ಟು, "ಮಾರ್ಕೆಟ್ ಹಿಂದಿನ ಸಾಣೆ ಸಾಬ್ರಿಗೆ ಕೊಡು. ಗಾರೆಯವರ ತೂಗುಗುಂಡಿನ ಥರ ಅಂತ ಹೇಳು, ಸಾಕು," ಎಂದರು.

ಅಷ್ಟನ್ನೇ ಹೇಳಿದ್ದರೆ ಸಾಕಾಗಿತ್ತು. ಆದರೆ ಆ ದಿನಗಳಲ್ಲಿ ನನಗೂ ಒಂದು ಹುಚ್ಚಿತ್ತು. ವಿಜ್ಞಾನವನ್ನೆಲ್ಲ ಕನ್ನಡದಲ್ಲಿ ಹೇಳಬೇಕು ಎಂದು ಪಣ ತೊಟ್ಟಿದ್ದೆ. ಪೆಂಡ್ಯುಲಂ ಎಂದವರನ್ನು ತಡೆದು ಲೋಲಕ ಎನ್ನಿಸುತ್ತಿದ್ದೆ.

ಸಾಬರ ಅಂಗಡಿ ಈಗಿನ ಶಿವಾಜಿನಗರದ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ, ಒಬ್ಬ ದರ್ಜಿಯ ಅಂಗಡಿಗೆ ಅಂಟಿಕೊಂಡಿತ್ತು. ಒಬ್ಬರು ಕುಳಿತರೆ ತುಂಬಿಹೋಗುವಷ್ಟು ಜಾಗ. ಎಡಗೈಯಲ್ಲಿ ಬಿಲ್ಲಿನಂಥ ಕೋಲನ್ನು ಹಿಂದೆ ಮುಂದೆ ಎಳೆದು ಸಾಣೆಚಕ್ರ ತಿರುಗಿಸುತ್ತ, ಬಲಗೈಯಲ್ಲಿ ಕಲ್ಲು ಒತ್ತುತ್ತಿದ್ದರು. ಹೆಚ್ಚಿನ ದಿನ ಗಾಜಿನ ಹರಳು, ಉಂಗುರದ ಅಗ್ಗದ ಕಲ್ಲು. ಮೇಷ್ಟ್ರ ಕಡೆಯವರ ಕೆಲಸ ಬಂದಾಗ ಮಾತ್ರ ಅವರು ಕೈ ತೊಳೆದು ಒರೆಸಿಕೊಂಡು ಕಲ್ಲು ಮುಟ್ಟುತ್ತಿದ್ದರು. ಅಂದೂ ಹಾಗೇ ಮಾಡಿ, ಕಲ್ಲನ್ನು ಬೆಳಕಿಗೆ ಹಿಡಿದು, ರಾಜಾವರ್ತಕ್ಕೆ ತಮ್ಮ ಭಾಷೆಯ ಹೆಸರು ಹೇಳಿ, "ವಾಹ್, ಲಾಜವರ್ದ್! ಅಸಲಿ ಮಾಲು. ಏನ್ ಮಾಡ್ಬೇಕು ಸ್ವಾಮಿ?" ಎಂದರು.

"ಲೋಲಕ," ಎಂದೆ.

"ಲೋಲಾಕಾ?"

"ಲೋಲಾಕು ಅಲ್ಲ ಸಾಬ್ರೆ. ಲೋಲಕ."

ಅವರು ನಕ್ಕರು. "ಅದೇ ಸ್ವಾಮಿ. ನಿಮ್ಮೋರು ಲೋಲಾಕು ಅಂತಾರೆ, ನಮ್ಮಲ್ಲಿ ಲೋಲಕ್ ಅಂತಾರೆ. ಚೆನ್ನಾಗ್ ಮಾಡ್ಕೊಡ್ತೀನಿ, ಹೋಗಿ."

ಈ ಮಾತುಕತೆ ಹೀಗೇ ನಡೆಯಿತೇ? ನನಗೆ ಖಾತ್ರಿಯಿಲ್ಲ. ಕೆಲವು ಸಲ ನಾನು ಅವರ ಮಾತು ಕೇಳಿಸಿಕೊಂಡೂ ಬಸ್ಸಿನ ಆತುರಕ್ಕೆ ತಲೆಯಾಡಿಸಿದಂತೆ ನೆನಪಾಗುತ್ತದೆ, ಕೆಲವು ಸಲ ಅವರು ನಕ್ಕದ್ದೇ ಇಲ್ಲ ಅನ್ನಿಸುತ್ತದೆ. ಒಂದು ಹಾಳೆಯ ತುಂಡಿನ ಮೇಲೆ ಏನನ್ನೋ ಬರೆದು ಕೊಟ್ಟು ಬಂದೆ ಎನ್ನುವುದು ಮಾತ್ರ ನಿಜ. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಪಕ್ಕದ ದರ್ಜಿ ಓದಿ ಹೇಳುತ್ತಿದ್ದ.

ಮುಂದಿನ ಶನಿವಾರ ಸಂಜೆ ಹೋದಾಗ ಸಾಬರು ಹತ್ತಿಯ ಮೇಲೆ ಎರಡು ಕಲ್ಲು ಇಟ್ಟು ತೋರಿಸಿದರು. ಎರಡು ನೀಲಿ ಹನಿಗಳು. ಒಂದರ ಚುಕ್ಕೆಗಳು ಇನ್ನೊಂದರಲ್ಲಿ ಕನ್ನಡಿಯಲ್ಲಿ ಕಂಡಂತೆ ಕಾಣುತ್ತಿದ್ದವು. ಬಿಳಿ ಪಟ್ಟಿ ಇರಲಿಲ್ಲ.

"ಏನ್ರೀ ಇದು? ಎರಡು ಯಾಕೆ?"

"ಎರಡೇ ಅಲ್ವಾ ಸ್ವಾಮಿ?" ಅವರಿಗೆ ನಿಜವಾಗಿ ಅರ್ಥವಾಗಲಿಲ್ಲ. "ಒಂದೇ ಕಿವೀಗೆ ಯಾರು ಹಾಕ್ಕೋತಾರೆ?"

ದರ್ಜಿ ಪಕ್ಕದಿಂದ ಕಿಸಕ್ಕನೆ ನಕ್ಕ. ಅವನು ನಕ್ಕಿರದಿದ್ದರೆ ನಾನು ಅಷ್ಟು ಕೂಗಾಡುತ್ತಿರಲಿಲ್ಲವೇನೋ. ಅಕ್ಷರ ಬಾರದವರ ಕೈಗೆ ಕಲ್ಲು ಕೊಟ್ಟದ್ದೇ ತಪ್ಪು ಎಂದೆ. ಗಲ್ಲಿಯಲ್ಲಿ ಹೋಗುವವರು ನಿಂತು ನೋಡಿದರು. ಸಾಬರು, "ಬಿಳೀದು ಐಬು ಅಂತ ತೆಗೆದೆ ಸ್ವಾಮಿ. ಆ ಗೆರೆ ಹಿಡಿದೇ ಕುಯ್ದೆ, ಜೋಡಿ ಸರಿಯಾಗಿ ಕೂರ್ಲಿ ಅಂತ," ಎಂದಷ್ಟೇ ಹೇಳಿದರು. ಅವರು ಕಲ್ಲುಗಳನ್ನು ಸುತ್ತಿ ತಗಡಿನ ಡಬ್ಬಿಗೆ ಹಾಕುವಾಗ ನಾನು ಮುಖ ತಿರುಗಿಸಿ ನಿಂತಿದ್ದೆ.

ಕತ್ತಲಾಗುವ ಮುಂಚೆ ಮೇಷ್ಟ್ರ ಮನೆಯ ಗೇಟಿನಲ್ಲೇ ಡಬ್ಬಿ ಕೊಟ್ಟೆ. "ಸಾಬ್ರು ಕೆಡಿಸಿಬಿಟ್ಟಿದ್ದಾರೆ ಸಾರ್," ಎಂದು ಹೇಳಿ, ಅವರು ತೆರೆದು ನೋಡುವ ಮೊದಲೇ ಹೊರಟೆ.

ಭಾನುವಾರ ಎರಡು ಹನಿಗಳೂ ಒಂದು ತಟ್ಟೆಯಲ್ಲಿದ್ದವು. ಕಂಟ್ರಾಕ್ಟರು ಒಂದನ್ನು ಎತ್ತಿ ತಮ್ಮ ಕಿವಿಗೆ ಹಿಡಿದು, "ಏನ್ ಮೇಷ್ಟ್ರೇ, ಈ ವಯಸ್ಸಲ್ಲಿ ಲೋಲಾಕು ಮಾಡಿಸಿದೀರಿ, ಮನೇಲಿ ಗೊತ್ತಾ?" ಎಂದರು. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಆಮೇಲೆ ಇನ್ನೊಬ್ಬರು, ಕಲ್ಲಿನ ಉಳಿದ ಭಾಗ ಎಲ್ಲಿ ಹೋಯಿತು, ಸಾಬರು ಇಟ್ಟುಕೊಂಡಿರಬೇಕು ಎಂದರು. ಮಾತು ಅತ್ತ ತಿರುಗಿತು.

"ತಪ್ಪು ಸಾಬ್ರದ್ದಲ್ಲ ಅಂತ ಕಾಣತ್ತೆ," ಎಂದರು ಮೇಷ್ಟ್ರು. ಅವರು ನನ್ನ ಕಡೆ ನೋಡುತ್ತಿದ್ದರು. "ಪದದ್ದು ತಪ್ಪು. ಏನಯ್ಯ, ಅವರಿಗೆ ಹೇಗೆ ಹೇಳಿದೆ?"

"ಚಿತ್ರ ಬರೆದು ಕೊಟ್ಟಿದ್ದೆ ಸಾರ್," ಎಂದೆ.

ಅದು ನನ್ನ ಬಾಯಿಂದ ಹೇಗೆ ಬಂತೋ ತಿಳಿಯದು. ಹಿಂದಿನ ಕ್ಷಣದವರೆಗೂ ಆ ಯೋಚನೆಯೇ ಇರಲಿಲ್ಲ.

"ಚಿತ್ರ ಬರೆದಿದ್ದೆಯಾ?"

"ಅಳತೆ ಸಮೇತ. ಮೊಳೆ, ದಾರ, ಗುಂಡು, ಎಲ್ಲ."

ಮೇಷ್ಟ್ರು ಸ್ವಲ್ಪ ಹೊತ್ತು ಕಾದರು. ಕಂಟ್ರಾಕ್ಟರು, "ಇನ್ನೇನ್ ಬಿಡಿ. ಚಿತ್ರ ನೋಡಿಯೂ ಹೀಗೆ ಮಾಡಿದಾರೆ ಅಂದ್ರೆ ಬೇಕಂತ್ಲೇ ಮಾಡಿದ್ದು. ನನ್ನ ಕಲ್ಲಂತೂ ಇನ್ಮೇಲೆ ಅಲ್ಲಿಗೆ ಹೋಗಲ್ಲ," ಎಂದರು. ಉಳಿದವರೂ ಹೌದೆಂದರು. ಮೇಷ್ಟ್ರು ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅಂದೇ ಅವರು ಒಂದು ಹನಿಗೆ ದಾರ ಕಟ್ಟಿ ಬಕೀಟಿನ ಪ್ರಯೋಗ ಮಾಡಿಸಿದರು. ತೂಗುವುದಕ್ಕೆ ಅದೇನೂ ಕಡಿಮೆಯಾಗಿರಲಿಲ್ಲ. ಖಾಲಿ ಬಕೀಟಿನ ಮೇಲೂ ಅದು ಸೊಗಸಾಗಿ ಸುತ್ತಿತು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. "ನಗಬೇಡ," ಎಂದರು ಮೇಷ್ಟ್ರು. "ಇವರು ಮೋಸ ಮಾಡ್ತಿಲ್ಲ. ಕೈಯೇ ಆಡಿಸ್ತಾ ಇದೆ, ಅದು ಕೈಗೇ ಗೊತ್ತಿಲ್ಲ." ಅವರು ಅದನ್ನು ಕಂಟ್ರಾಕ್ಟರ ಬಗ್ಗೆ ಮಾತ್ರ ಹೇಳಿದರು ಎಂದುಕೊಂಡೆ.

ಆಮೇಲೆ ಮೇಷ್ಟ್ರು ತಮ್ಮ ಕಲ್ಲುಗಳನ್ನು ತಾವೇ ಒಯ್ದು ಸಾಬರಿಗೆ ಕೊಡತೊಡಗಿದರು. ಮುದುಕರಿಗೆ ಕರುಣೆ ಹೆಚ್ಚು ಅಂದುಕೊಂಡೆ. ನಾನು ಮಾರ್ಕೆಟ್ಟಿಗೆ ಹೋದರೆ ಆ ಗಲ್ಲಿಯನ್ನು ತಪ್ಪಿಸಿ ಸುತ್ತಿಕೊಂಡು ಬರುತ್ತಿದ್ದೆ. ಆ ಕಥೆಯನ್ನು ಸ್ನೇಹಿತರಿಗೆ ತಮಾಷೆಯಾಗಿ ಹೇಳುತ್ತಿದ್ದೆ. ಪ್ರತಿ ಸಲವೂ ಚಿತ್ರ ಸ್ವಲ್ಪ ಸ್ವಲ್ಪ ತುಂಬಿಕೊಳ್ಳುತ್ತ ಬಂತು. ಅಳಿಸಿ ತಿದ್ದಿದ ಅಂಕಿ ಯಾವಾಗ ಸೇರಿಕೊಂಡಿತೋ ತಿಳಿಯಲಿಲ್ಲ. ಒಂದೆರಡು ವರ್ಷದಲ್ಲಿ ನಾನೇ ಅದನ್ನು ನಂಬಿದೆ. ದೇವರನ್ನೂ ಜ್ಯೋತಿಷ್ಯವನ್ನೂ ಸಾಕ್ಷಿ ಕೇಳುತ್ತಿದ್ದವನು ನನ್ನನ್ನು ಒಂದು ಸಲವೂ ಕೇಳಲಿಲ್ಲ.

ದಶಕ ಮುಗಿಯುವ ಹೊತ್ತಿಗೆ ಮೇಷ್ಟ್ರು ತೀರಿಕೊಂಡರು. ಹದಿನೈದು ದಿನ ಬಿಟ್ಟು ನಾನು ಅವರ ಮನೆಗೆ ಹೋದಾಗ ಅವರ ಹೆಂಡತಿ ಆ ತಗಡಿನ ಡಬ್ಬಿಯನ್ನು ತಂದು ಕೊಟ್ಟರು.

"ಇದು ನಿಂಗೇ ಕೊಡಬೇಕು ಅಂತಿದ್ರಪ್ಪ. ಅವನಾಗೇ ಕೇಳ್ಲಿ ಅಂತ ಇಟ್ಕೊಂಡಿದ್ರು. ನೀನು ಕೇಳ್ಲೇ ಇಲ್ವಂತೆ."

ಮನೆಗೆ ಬಂದು ತೆರೆದೆ. ಎರಡು ಹನಿಗಳು, ಒಂದಕ್ಕೆ ಅದೇ ದಾರ. ಅವುಗಳನ್ನು ಸುತ್ತಿದ್ದದ್ದು ನಾನು ಸಾಬರಿಗೆ ಕೊಟ್ಟಿದ್ದ ಹಾಳೆಯೇ. ಅದರ ಮೇಲೆ ನನ್ನ ಕೈಬರಹದಲ್ಲಿ ಒಂದೇ ಒಂದು ಪದ ಇತ್ತು: ಲೋಲಕ. ಮಗುಚಿ ನೋಡಿದೆ. ಬೆಳಕಿಗೆ ಹಿಡಿದೆ. ಪೆನ್ಸಿಲಿನ ಗುರುತು, ರಬ್ಬರಿನ ಗುರುತು, ಯಾವುದೂ ಇರಲಿಲ್ಲ.

ಹಾಗಾದರೆ ಆ ಭಾನುವಾರ ಮೇಷ್ಟ್ರು ನನ್ನನ್ನು ಕೇಳುವ ಹೊತ್ತಿಗೆ ಈ ಹಾಳೆಯನ್ನು ನೋಡಿದ್ದರು. ಚಿತ್ರ ಬರೆದಿದ್ದೆಯಾ ಎಂದು ಎರಡನೆಯ ಸಲ ಕೇಳಿದ್ದು ಅದಕ್ಕೇ. ನಾಲ್ಕು ಜನರ ಮುಂದೆ ಶಿಷ್ಯನನ್ನು ಸುಳ್ಳ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ನಾನಾಗಿಯೇ ಹೇಳಲಿ ಎಂದು ಅವರು ಸಾಯುವವರೆಗೂ ಕಾದರು. ಆ ಹಾಳೆಯನ್ನು ಹಿಡಿದು ಕುಳಿತಾಗಲೂ ಕಣ್ಣು ಮುಚ್ಚಿದರೆ ಚಿತ್ರ ಕಾಣುತ್ತಿತ್ತು.

ಮರುದಿನ ಶಿವಾಜಿನಗರದ ಆ ಗಲ್ಲಿಗೆ ಹೋದೆ. ಸಾಬರು ಅಲ್ಲೇ ಇದ್ದರು. ದಪ್ಪ ಕನ್ನಡಕ ಬಂದಿತ್ತು, ಮುಂದಿನ ತಟ್ಟೆಯ ತುಂಬ ಗಾಜಿನ ಹರಳು. ನನ್ನ ಗುರುತು ಹತ್ತಲಿಲ್ಲ. ಹನಿಗಳನ್ನು ಕೈಗಿಟ್ಟಾಗ ಅವುಗಳ ಗುರುತು ತಕ್ಷಣ ಹತ್ತಿತು.

"ಸಾಬ್ರೆ, ನಾನು ಚಿತ್ರ ಬರೆದು ಕೊಟ್ಟಿರಲಿಲ್ಲ," ಎಂದೆ.

"ಯಾವ ಚಿತ್ರ ಸ್ವಾಮಿ?"

ಅವರಿಗೆ ಏನೂ ಗೊತ್ತಿರಲಿಲ್ಲ. ಮೇಷ್ಟ್ರೊಬ್ಬರನ್ನು ಬಿಟ್ಟು ಅವರ ಕಡೆಯ ಉಳಿದವರ ಕಲ್ಲುಗಳು ಬರುವುದು ನಿಂತುಹೋಯಿತು ಎನ್ನುವುದಷ್ಟೇ ಗೊತ್ತಿತ್ತು. ಹಾಗಾಗಿ ಕ್ಷಮೆ ಕೇಳುವ ಮೊದಲು, ಅವರ ಬೆನ್ನ ಹಿಂದೆ ನಾನು ಏನು ಹೇಳಿದ್ದೆ ಎಂಬುದನ್ನು ಅವರ ಮುಖ ನೋಡುತ್ತ ಪೂರ್ತಿ ಹೇಳಬೇಕಾಯಿತು. ಅವರು ಬಿಲ್ಲು ಕೆಳಗಿಟ್ಟು ಕೇಳಿಸಿಕೊಂಡರು.

"ಬೇಕಂತ ಮಾಡ್ದೆ ಅಂತ ಅಂದ್ಕೊಂಡ್ರಾ?"

"ಹೌದು."

"ಕದ್ದೆ ಅಂತಾನೂ?"

ಅವರು ಕನ್ನಡಕ ತೆಗೆದು ಲುಂಗಿಯ ಅಂಚಿನಲ್ಲಿ ಒರೆಸಿಕೊಂಡರು. "ನಂಗೆ ಯಾಕ್ ಹೇಳ್ತೀರಾ ಸ್ವಾಮಿ? ಚಿತ್ರ ಇರ್ಲಿಲ್ಲ ಅಂತ ನಂಗೆ ಗೊತ್ತಲ್ಲ. ಹೋಗಿ ಅವ್ರಿಗೆ ಹೇಳಿ."

ಆ ಗುಂಪಿನಲ್ಲಿ ಊರಲ್ಲಿ ಉಳಿದಿದ್ದವರು ಕಂಟ್ರಾಕ್ಟರು ಒಬ್ಬರೇ. ಗಲ್ಲಿಯಿಂದ ನೇರವಾಗಿ ಅವರ ಮನೆಗೆ ಹೋದೆ. ಜಗಲಿಯಲ್ಲಿ ಪೇಪರ್ ಓದುತ್ತಿದ್ದರು.

"ಯಾವ ಸಾಬ್ರು?" ಎಂದರು.

ಅವರಿಗೆ ಸಾಬರೂ ನೆನಪಿರಲಿಲ್ಲ, ಲೋಲಾಕೂ ನೆನಪಿರಲಿಲ್ಲ. ಕಲ್ಲು ಕೊಡುವುದನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದೆ. "ಯಾರೋ ಏನೋ ಅಂದ್ರು. ಆ ಮನುಷ್ಯ ಅಷ್ಟು ನಂಬೋ ಹಾಗಿಲ್ಲ ಅಂತ," ಎಂದರು. ಹೇಳಿದವರು ಮರೆತುಹೋಗಿ, ಹೇಳಿದ್ದಷ್ಟೇ ಉಳಿದಿತ್ತು. ಮತ್ತೆ ಮೊದಲಿನಿಂದ ಎಲ್ಲವನ್ನೂ ನೆನಪು ಮಾಡಿಕೊಟ್ಟು, ಹಾಳೆ ತೋರಿಸಿ, ಸುಳ್ಳು ಹೇಳಿದವನು ನಾನು ಎಂದೆ. ಅವರು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಅಲ್ಲಯ್ಯ, ಅವತ್ತು ನನ್ನ ನೋಡಿ ಎಷ್ಟು ನಕ್ಕಿದ್ದೆ ನೀನು," ಎಂದರು. ಅದು ಅವರಿಗೆ ನೆನಪಿತ್ತು.

"ನಿಮ್ಮ ಹತ್ರ ಸಾಣೆ ಹಿಡಿಸೋ ಕಲ್ಲೇನಾದ್ರೂ ಇದ್ರೆ ಕೊಡಿ," ಎಂದೆ. "ಈಗಲೇ ಸಾಬ್ರಿಗೆ ಕೊಟ್ಟು ಬರ್ತೀನಿ."

ಒಳಗೆ ಹೋಗಿ ಕೆಂಪಗಿನ ಒಂದು ಕಲ್ಲು ತಂದರು. ನಾನು ಕೈ ಚಾಚಿದೆ. ಅವರು ಕೊಡದೆ ಜೇಬಿಗೆ ಹಾಕಿಕೊಂಡರು.

"ನಿನ್ನ ಕೈಲಿ ಬೇಡ," ಎಂದು ಚಪ್ಪಲಿ ಮೆಟ್ಟಿದರು. "ನಾನೇ ಹೋಗ್ತೀನಿ. ಅಂಗಡಿ ಎಲ್ಲಿದೆ, ಅಷ್ಟು ಹೇಳು."

ಹೇಳಿದೆ. ಮಾರ್ಕೆಟ್ಟಿನ ಹಿಂದಿನ ಗಲ್ಲಿ, ದರ್ಜಿ ಅಂಗಡಿಯ ಪಕ್ಕ. ಸರಿಯಾಗಿ ಹೇಳಿದೆನೇ ಎಂದು ಅನುಮಾನ ಬಂದು, ಅವರು ಗೇಟು ದಾಟುವ ಮುಂಚೆ ಕೂಗಿ ಇನ್ನೊಂದು ಸಲ ಹೇಳಿದೆ.