ಇದ್ದಿಲು ಬಸ್ಸಿನಲ್ಲಿ ನಾನು ಮೂಗನಾದದ್ದು

ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳು ಇದ್ದಿಲು ತಿನ್ನಲು ಕಲಿತ ಯುದ್ಧದ ವರ್ಷ ಅದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಡ್ರಮ್ಮು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಅದರಿಂದ ಏಳುವ ಗ್ಯಾಸಿನಲ್ಲೇ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ನಾವೇ ಇಳಿದು ತಳ್ಳುತ್ತಿದ್ದೆವು.

ಆಗ ನನಗೆ ಇಪ್ಪತ್ತು. ಮಧುಗಿರಿಯಲ್ಲಿ ಅಪ್ಪನ ಅಂಗಡಿಯಲ್ಲಿ ಕೂತು ಬೆಲ್ಲ ತೂಗುವುದು ಹೆಸರಿಗೆ; ನಿಜವಾದ ಕಸುಬು ಬಾಯಿ ಬಡಿಯುವುದು. "ನಿನ್ ಬಾಯಿ ಮರದ್ದಾಗಿದ್ರೆ ಇಷ್ಟೊತ್ತಿಗೆ ಸವ್ದೋಗಿರೋದು ಕಣ್ಲಾ" ಎನ್ನುತ್ತಿದ್ದಳು ಅವ್ವ.

ಇಂಥವನ ಕೈಗೆ ವಾಚನಾಲಯದಲ್ಲಿ ಮೌನದ ಮೇಲೆ ಬರೆದ ಒಂದು ಪುಸ್ತಕ ಸಿಕ್ಕಿತು. ಮಾತಾಡುತ್ತಾ ಆಡುತ್ತಾ ಮನುಷ್ಯನ ಶಕ್ತಿಯೆಲ್ಲ ಸೋರಿಹೋಗುತ್ತದಂತೆ. ಓದುತ್ತಿದ್ದರೆ ನನ್ನ ಶಕ್ತಿ ಬೆಲ್ಲದಂಗಡಿಯ ಮುಂದಿನ ಚರಂಡಿಯಲ್ಲಿ ಹರಿಯುವುದು ಕಣ್ಣಿಗೇ ಕಂಡಿತು. ನಾಲ್ಕು ಪುಟ ಮುಗಿಯುವ ಹೊತ್ತಿಗೆ ನಾನು ಅರ್ಧ ಋಷಿ. ಮುಂದಿನ ಪುಟಗಳ ಗೊಡವೆಗೇ ಹೋಗಲಿಲ್ಲ. ಮಾರನೆಯ ದಿನ ಪಾವಗಡದ ಅಕ್ಕನ ಮನೆಗೆ ಹೊರಡುವುದಿತ್ತು. ಅಲ್ಲಿ ಮುಟ್ಟುವ ತನಕ ತುಟಿ ಬಿಚ್ಚುವುದಿಲ್ಲ ಎಂದು ವ್ರತ ಹಿಡಿದು, ತಂಗಿಯ ಸ್ಲೇಟು ಬಳಪ ಕಸಿದುಕೊಂಡು ಬಸ್ಸು ಹತ್ತಿದೆ.

"ಎಲ್ಲಿಗೆ ಸ್ವಾಮಿ?" ಎಂದ ಕಂಡಕ್ಟರು. ಸ್ಲೇಟಿನ ಮೇಲೆ ಪಾವಗಡ ಎಂದು ಬರೆದು ತೋರಿಸಿದೆ.

"ಅಯ್ಯೋ ಪಾಪ, ಮೂಗ! ಲೇ, ಅತ್ಲಾಗ್ ಸರ್ಕಳ್ರೋ, ಜಾಗ ಬುಡ್ರೋ" ಎಂದು ಕೂಗಿದ.

ಹುಟ್ಟಿದ ಮೇಲೆ ಮೊದಲ ಸಲ ಆ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಜಾಗ ಸಿಕ್ಕಿತು. ಯಾರೋ ಬೊಗಸೆ ತುಂಬ ಹುರಿದ ಕಡಲೆಕಾಯಿ ಕೊಟ್ಟರು. ಇನ್ನೊಬ್ಬರು ಬಾಳೆಹಣ್ಣು ಕೊಟ್ಟರು. ಮೌನಕ್ಕೆ ಇಷ್ಟು ಬೇಗ ಫಲ ಬರುತ್ತದೆಂದು ನಾನು ಓದಿದ ನಾಲ್ಕು ಪುಟದಲ್ಲಿ ಇರಲಿಲ್ಲ.

ಪಕ್ಕದಲ್ಲಿ ಹುಲಿಕುಂಟೆ ಕಡೆಯ ಹೆಂಗಸೊಬ್ಬಳು ಎಂಟೊಂಬತ್ತು ವರ್ಷದ ಮಗಳನ್ನು ಒತ್ತಿಕೊಂಡು ಕೂತಿದ್ದಳು. ನನ್ನ ಸ್ಲೇಟನ್ನೂ ನನ್ನನ್ನೂ ನೋಡಿ ನೋಡಿ ಹೇಳಿದಳು: "ಇವ್ಳೂ ನಿನ್ನಂಗೇ ಕಣಪ್ಪಾ. ಮಾತಿಲ್ಲ, ಇವ್ಳಿಗೆ ಕಿವೀನೂ ಇಲ್ಲ. ಒಂದ್ ದಪ ಅವ್ವಾ ಅಂದ್ಬುಟ್ರೆ ಸಾಕು ನಂಗೆ. ಕೈ ಮುಗೀದ ದೇವ್ರಿಲ್ಲ. ಪಾವಗಡದ್ ತಾವ ಯಾರೋ ತಾಯ್ತ ಕಟ್ತಾರಂತೆ, ಅಲ್ಲಿಗೇ ಹೊಂಟಿದೀವಿ." ಆಮೇಲೆ ದನಿ ತಗ್ಗಿಸಿ, "ನೀನು ಹುಟ್ದಾಗ್ಲಿಂದ್ಲೂ ಹಿಂಗೇನಾ?" ಎಂದಳು.

ಇಲ್ಲ ಎಂದು ತಲೆಯಾಡಿಸಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಬೆರಳೆತ್ತಿ ಆಕಾಶ ತೋರಿಸಿದೆ, ಎಲ್ಲಾ ಮೇಲಿನವನ ಇಚ್ಛೆ ಎಂಬಂತೆ. ಆಕೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನಾನು ನಗು ತಡೆಯಲು ಕಿಟಕಿಯ ಕಡೆ ತಿರುಗಿದೆ.

ಮಿಡಿಗೇಶಿ ದಾಟಿ ಸ್ವಲ್ಪ ದೂರ ಹೋದ ಮೇಲೆ ಒಂದು ಏರಿನಲ್ಲಿ ಬಸ್ಸು ಎರಡು ಸಲ ಕೆಮ್ಮಿ ನಿಂತಿತು. "ಇಳೀರಪ್ಪಾ, ತಳ್ರಪ್ಪಾ" ಎಂದ ಡ್ರೈವರು. ಎಲ್ಲರೂ ಇಳಿದೆವು. "ಡ್ರಮ್ ತಾವ ಹೋಗ್ಬ್ಯಾಡ್ರೋ, ಕಾದೈತೆ" ಎಂದು ಕ್ಲೀನರು ಅರಚುತ್ತಿದ್ದ. ಮೂಗನ ಪಾತ್ರದಲ್ಲಿ ಎಷ್ಟು ಮುಳುಗಿದ್ದೆನೆಂದರೆ ಕಿವಿಯೂ ಕೇಳದವನಂತೆ ಹೋಗಿ, ಅಂಗೈ ಪೂರ್ತಿ ಅದೇ ಡ್ರಮ್ಮಿಗೆ ಒತ್ತಿದೆ.

"ಅಯ್ಯಯ್ಯಪ್ಪೋ! ಸತ್ನಲ್ರೋ! ನೀರ್ ತರ್ರೋ!"

ನನ್ನ ಕೂಗು ಹಿಂದಕ್ಕೆ ಮಧುಗಿರಿ ಬೆಟ್ಟಕ್ಕೆ ಬಡಿದು ವಾಪಸ್ಸು ಬಂದಿರಬೇಕು. ತಳ್ಳುತ್ತಿದ್ದವರೆಲ್ಲ ಕೈಬಿಟ್ಟರು. ಬಸ್ಸು ಹಿಂದಕ್ಕೆ ಉರುಳತೊಡಗಿತು. ಕ್ಲೀನರು ಓಡಿ ಚಕ್ರಕ್ಕೆ ಕಲ್ಲು ಕೊಟ್ಟ. ಪಾವಗಡದ ಮುದುಕನೊಬ್ಬ ಎರಡೂ ಕೈ ಮೇಲೆತ್ತಿ, "ಮೂಗೋಡಿಕಿ ಮಾಟ ವಚ್ಚಿಂದಿರಾ! ಮೂಗಂಗೆ ಮಾತ್ ಬಂತು!" ಎಂದು ತೆಲುಗು ಕನ್ನಡ ಎರಡರಲ್ಲೂ ಸಾರಿದ. ಇಬ್ಬರು ನನ್ನ ಕಾಲು ಮುಟ್ಟಿದರು. ಒಬ್ಬ ಡ್ರಮ್ಮಿಗೇ ಕೈ ಮುಗಿದ. ಅಷ್ಟು ಉರಿಯಲ್ಲೂ ನನಗೆ ಒಂದು ಗಳಿಗೆ ಖುಷಿಯಾಯಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ.

ಅಷ್ಟರಲ್ಲಿ ಆ ತಾಯಿ ಕಣ್ಣಿಗೆ ಬಿದ್ದಳು. ಮಗಳ ಮುಂಗೈ ಹಿಡಿದು ಡ್ರಮ್ಮಿನ ಕಡೆ ಎಳೆಯುತ್ತಿದ್ದಳು. ಕೇಳಿಸದ ಆ ಮಗುವಿಗೆ ಹೇಳುತ್ತಲೇ ಇದ್ದಳು: "ಒಂದ್ಗಳಿಗೆ ತಡ್ಕಳೇ ನನ್ನವ್ವ. ಒಂದೇ ಒಂದ್ಗಳಿಗೆ. ಮಾತ್ ಬತ್ತೈತೆ."

ಮಗು ಮೊದಲು ತಾಯಿಯ ಮುಖ ನೋಡಿ ತಾನಾಗಿಯೇ ಬಂದಿತು. ಶಾಖ ತಾಗಿದ ಮೇಲೆ ಹಿಂದಕ್ಕೆ ಜಗ್ಗತೊಡಗಿತು.

ನಾನು ಓಡಿ ನಡುವೆ ನಿಂತೆ. "ಬ್ಯಾಡಮ್ಮಾ, ಬುಡು! ನಾನು ಮೂಗ ಅಲ್ಲ!"

"ಈಗ ಅಲ್ಲ. ಆಗ್ಲೇ ಆಗಿದ್ಯಲ್ಲ!"

"ಯಾವಾಗ್ಲೂ ಅಲ್ಲಮ್ಮ. ಒಂದ್ ಪುಸ್ತಕ ಓದ್ದೆ, ಸುಮ್ನೆ ಬಾಯ್ ಮುಚ್ಕಂಡಿದ್ದೆ."

ಆಕೆ ನಂಬಲಿಲ್ಲ. "ದೇವ್ರು ನಿಂಗೆ ಕೊಟ್ಟ. ನನ್ ಮಗೀಗೂ ಸಿಗ್ಲಿ ಬುಡಪ್ಪಾ. ನಿಂದೇನು ಕಮ್ಮಿಯಾಗಕಿಲ್ಲ" ಎಂದು ನನ್ನನ್ನೇ ಬೇಡಿಕೊಂಡಳು. ಮಗಳ ಕೈ ಮಾತ್ರ ಬಿಡಲಿಲ್ಲ.

ನನಗೆ ಬೇರೆ ದಾರಿ ತೋಚಲಿಲ್ಲ. ಎಲ್ಲರೆದುರು ಬಾಯಿಗೆ ಬಂದದ್ದೆಲ್ಲ ಒದರತೊಡಗಿದೆ. ಅಪ್ಪನ ಹೆಸರು, ಅಂಗಡಿ ಇರುವ ಬೀದಿ, ಅವ್ವ ಬಯ್ಯುವ ಬೈಗುಳ, ಹದಿಮೂರರ ಮಗ್ಗಿ. ಮಗ್ಗಿ ನಡುವೆ ತಪ್ಪಿತು, ಆದರೂ ನಿಲ್ಲಿಸಲಿಲ್ಲ. ನಗಿಸುವುದಕ್ಕಲ್ಲದೆ ನಾನು ಅಷ್ಟೊಂದು ಮಾತಾಡಿದ್ದು ಅದೇ ಮೊದಲು. ಯಾರೂ ನಗಲೂ ಇಲ್ಲ.

ಕೊನೆಗೆ ಕ್ಲೀನರು ಆಕೆಯ ಹೆಗಲು ಮುಟ್ಟಿ, "ಹುಟ್ಟುಮೂಗ ಇಷ್ಟ್ ಬಾಯ್ಬಡ್ಕ ಆಗಾಕಾಗಕಿಲ್ಲ ಕಣಕ್ಕಾ. ಕಳ್ ನನ್ಮಗ ಆಟ ಕಟ್ಟವ್ನೆ" ಎಂದ.

ಆಕೆಯ ಹಿಡಿತ ಸಡಿಲವಾಯಿತು. ಬಯ್ಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. ಆಕೆಗೆ ಸಿಟ್ಟೇ ಬಂದಿರಲಿಲ್ಲ. ಎಲ್ಲೂ ಕೇಳದ ಸುದ್ದಿ ಕೇಳಿದವಳಂತೆ ನನ್ನನ್ನು ನೋಡಿ, "ಮಾತ್ ಇಟ್ಕಂಡೂ... ಆಡ್ದೆ ಕುಂತಿದ್ಯಾ?" ಎಂದಳು.

ನಾನು ಸುಟ್ಟ ಅಂಗೈಯನ್ನೇ ನೋಡಿಕೊಳ್ಳುತ್ತಾ ನಿಂತೆ.

ಆ ಮಗುವಿಗೆ ನಾನು ಮೂಗನಾದದ್ದೂ ಗೊತ್ತಿಲ್ಲ, ಸುಳ್ಳನಾದದ್ದೂ ಗೊತ್ತಿಲ್ಲ. ಅದಕ್ಕೆ ಕಂಡದ್ದು ಬೊಬ್ಬೆಯೆದ್ದ ನನ್ನ ಅಂಗೈ ಒಂದೇ. ಹತ್ತಿರ ಬಂದು ಅದನ್ನು ಎರಡೂ ಕೈಯಲ್ಲಿ ಹಿಡಿದು, ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದತೊಡಗಿತು. ತಪ್ಪಾಯಿತು ಎಂದು ಅದಕ್ಕೆ ಹೇಳಬೇಕೆನ್ನಿಸಿತು. ಹೇಗೆ ಹೇಳಲಿ? ನನಗೆ ಬರುತ್ತಿದ್ದದ್ದು ಮಾತು ಒಂದೇ.