ಕಪ್ಪಾಗದ ಕಾಲುಂಗುರ

ಪಾಪಿನಾಯಕನಹಳ್ಳಿಯ ಕೂಲಿ ಹೆಂಗಸರಲ್ಲಿ ಉಚ್ಚಂಗೆಮ್ಮನಷ್ಟು ಹಟದವಳು ಇನ್ನೊಬ್ಬಳಿಲ್ಲ. ಮಳೆ ಬಿದ್ದ ಮರುದಿನ ಅವಳು ಹುಲ್ಲುಗಾವಲಿಗೆ ಇಳಿದಳೆಂದರೆ ಒಂದು ಅಣಬೆಯೂ ಅವಳ ಕಣ್ಣು ತಪ್ಪಿಸಲಾರದು. ಹುತ್ತದ ಮಗ್ಗುಲಲ್ಲಿ ಎದ್ದದ್ದಾದರೆ ಮಣ್ಣು ಕೆದರಿ, ಉದ್ದನೆಯ ಬೇರು ಹುತ್ತದೊಳಗೇ ಇಳಿದಿದೆಯೇ ಎಂದು ನೋಡುತ್ತಾಳೆ. ಆಮೇಲೂ ಒಂದರ ಕೊಡೆಯನ್ನು ಬಿಳಿ ಟವೆಲ್ಲಿನ ಮೇಲೆ ಇಟ್ಟು, ಅರ್ಧ ದಿನ ಬಿಟ್ಟು, ಉದುರಿದ ಪುಡಿಯ ಬಣ್ಣ ನೋಡಿಯೇ ಒಲೆ ಹಚ್ಚುವುದು. ಗುರುತು ಸಿಗದ್ದನ್ನು ಮುಟ್ಟುವುದೇ ಇಲ್ಲ. “ಇಕಿ ಮನಿ ಅಣಬಿ ಬೇಯೋಷ್ಟೊತ್ತಿಗೆ ಮಳಿಗಾಲಾನ ಮುಗದಿರ್ತೈತಿ” ಎಂದು ಊರು ನಗುತ್ತದೆ. ನಗಲಿ ಬಿಡಿ, ಅವಳಿಗೇನು.

ಆ ಟವೆಲ್ಲು ಅವಳ ಗಂಡ ಪಾಲಪ್ಪನದು. ಐದು ವರ್ಷದ ಹಿಂದೆ ಹುಲ್ಲಿನಲ್ಲಿ ಎದ್ದ ಬೆಳ್ಳನೆಯ ಅಣಬೆಗಳನ್ನು ಅವನು ಅದರಲ್ಲೇ ಕಟ್ಟಿಕೊಂಡು ಬಂದಿದ್ದ. ಊರ ಪದ್ಧತಿಯಂತೆ ಉಚ್ಚಂಗೆಮ್ಮ ತನ್ನ ಬೆಳ್ಳಿ ಕಾಲುಂಗುರ ಬಿಚ್ಚಿ, ಹುಣಸೆಹಣ್ಣಿನಿಂದ ತಿಕ್ಕಿ ತೊಳೆದು, ಕುದಿಯುವ ಸಾರಿಗೆ ಹಾಕಿದಳು. ವಿಷವಿದ್ದರೆ ಬೆಳ್ಳಿ ಕಪ್ಪಾಗುತ್ತದಂತೆ! ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಮಾತಿಗೊಮ್ಮೆ ಹೇಳುವ ಊರು, ಬೆಳ್ಳಿಯ ಮಾತು ಬಂದಾಗ ಮಾತ್ರ ಆ ಗಾದೆಯನ್ನು ಮರೆತುಬಿಡುತ್ತದೆ. ಉಂಗುರ ಪಳಪಳ ಹೊಳೆಯಿತು, ಅವಳು ಅದನ್ನು ಮತ್ತೆ ಕಾಲಿಗೆ ಹಾಕಿಕೊಂಡಳು. ಜ್ವರ ಬಂದು ಬಾಯಿ ಕೆಟ್ಟಿದ್ದ ಅವಳು ಉಣ್ಣಲಿಲ್ಲ, ಪಾಲಪ್ಪನೊಬ್ಬನೇ ಉಂಡ. ಗಣಿಯ ಧೂಳು ಕುಡಿದು ಮೊದಲೇ ಸೋತಿದ್ದ ಮೈ, ವಾಂತಿಭೇದಿಗೆ ಮೂರು ದಿನವೂ ತಡೆಯಲಿಲ್ಲ. ಟವೆಲ್ಲು ಒಗೆಯಲೆಂದು ಬಿಡಿಸಿದಾಗ, ಅದರಲ್ಲಿ ಉಳಿದಿದ್ದ ಅಣಬೆಯ ಕೆಳಗೆ ಹಸಿರು ಪುಡಿ ಉದುರಿತ್ತು. ಹನ್ನೊಂದನೆಯ ದಿನ ಹೆಂಗಸರು ಅವಳ ಕಾಲುಂಗುರ ತೆಗೆಸಿದರು. ಆಗಲೂ ಅದು ಬೆಳ್ಳಗೇ ಇತ್ತು.

ಈ ಮಳೆಗಾಲದಲ್ಲಿ ಆ ಪುಡಿ ಮತ್ತೆ ಕಂಡಿತು. ಎಂಟು ಜನ ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದರು. ಬೆಳಿಗ್ಗೆಯೇ ಪಕ್ಕದ ಹುಲ್ಲಿನಲ್ಲಿ ತಟ್ಟೆಯಗಲದ ಅಣಬೆಗಳು ಸಿಕ್ಕವು. ಗುಂಪಿನ ಹಿರಿಯಳು ತಾಯಕ್ಕ ಉಡಿ ತುಂಬಿಕೊಂಡಳು. ಉಚ್ಚಂಗೆಮ್ಮ ಬೇಡವೆಂದರೆ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಒಂದನ್ನು ಇಸಿದುಕೊಂಡು ಟವೆಲ್ಲಿನ ಮೇಲಿಟ್ಟು, ಬುತ್ತಿಡಬ್ಬಿಯ ಮುಚ್ಚಳ ಮುಚ್ಚಿದಳು.

ಮಧ್ಯಾಹ್ನ ಬದುವಿನ ಮೇಲೆ ಮೂರು ಕಲ್ಲಿಟ್ಟು ಸಾರು ಕುದಿಸಿದರು. ತಾಯಕ್ಕ ತನ್ನ ಕಾಲುಂಗುರ ಹಾಕಿ, ಸೌಟಿನಿಂದ ಎತ್ತಿ ತೋರಿಸಿ, ಮತ್ತೆ ಸಾರಿಗೇ ಬಿಟ್ಟಳು.

“ನೋಡ್ರಿ, ಹೆಂಗ ಹೊಳೀತೈತಿ!”

ಅವಳ ಗಂಡ ಸುಂಕಪ್ಪ ರೊಟ್ಟಿ ಮುರಿದುಕೊಂಡು ಎಲ್ಲರಿಗಿಂತ ಮುಂದೆ ಕೂತಿದ್ದ. ಉಚ್ಚಂಗೆಮ್ಮ ಮುಚ್ಚಳ ಎತ್ತಿದಳು. ಟವೆಲ್ಲಿನ ಮೇಲೆ ಅದೇ ಹಸಿರು.

“ಉಣಬ್ಯಾಡ್ರಿ. ನನ್ನ ಗಂಡ ಉಂಡಿದ್ದು ಇದನ್ನ.”

“ಹುಲ್ಲಿನ ಹಸರು ಹತ್ತೈತಿ, ಬಿಡು,” ತಾಯಕ್ಕ ಸಿಡುಕಿದಳು. “ಮುತ್ತೈದಿ ಬೆಳ್ಳಿಗಿಂತ ನಿನ್ನ ಅರಿಬಿ ದೊಡ್ಡದೇನ? ಕಾಲಾಗ ಉಂಗುರ ಇಲ್ಲದಾಕಿ ನನಗ ಹೇಳಾಕ ಬರ್ತಿ?”

ಉಚ್ಚಂಗೆಮ್ಮನಿಗೆ ಮೈಯೆಲ್ಲ ಉರಿದುಹೋಯಿತು. “ಹೂನಕ್ಕ, ಇಲ್ಲ. ಯಾಕಿಲ್ಲ ಅಂತ ಕೇಳು. ನಂದೂ ಹಿಂಗ ಹೊಳೀತಿತ್ತು.”

ಸುಂಕಪ್ಪ ತಟ್ಟೆ ಚಾಚಿದ. ಉಚ್ಚಂಗೆಮ್ಮ ಒಂದೇ ಒದೆತಕ್ಕೆ ಪಾತ್ರೆ ಉರುಳಿಸಿದಳು. ಸಾರೆಲ್ಲ ಬೂದಿಯ ಪಾಲಾಯಿತು.

ಹಸಿದ ಹೊಟ್ಟೆಯವರು ಬಾಯಿಗೆ ಬಂದಂತೆ ಬೈದರು. ಸೊಕ್ಕು ಎಂದರು, ಹೊಟ್ಟೆಕಿಚ್ಚು ಎಂದರು. ಅವಳು ಒಂದಕ್ಕೂ ತಲೆ ತಗ್ಗಿಸಲಿಲ್ಲ. ಬೂದಿ ಕೆದಕಿ ಉಂಗುರ ಆರಿಸಿ, ಕೊಡದ ನೀರಿನಲ್ಲಿ ತೊಳೆದು, ತಾಯಕ್ಕನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಕಾಲು ಕೊಡಕ್ಕ. ಬೈಯೋದಿದ್ರ ಜೀವ ಇರೋತನಕ ಬೈ. ಆದ್ರ ಇದನ್ನ ಹಾಕ್ಕೊಂಡು ಬೈ.”

ಗಂಡ ಸತ್ತವಳ ಕೈಯಿಂದ ಕಾಲುಂಗುರವೇ? ತಾಯಕ್ಕ ಕಾಲು ಹಿಂದಕ್ಕೆಳೆದುಕೊಂಡು ಸುಂಕಪ್ಪನ ಕಡೆ ನೋಡಿದಳು. ಅವನು ಗೊಣಗುತ್ತಲೇ ಒಣರೊಟ್ಟಿಗೆ ಖಾರ ಹಚ್ಚಿಕೊಂಡು ಅಗಿಯುತ್ತಿದ್ದ. ಸ್ವಲ್ಪ ಹೊತ್ತು ನೋಡಿ, ತಾಯಕ್ಕ ಕಾಲು ಮುಂದೆ ಚಾಚಿದಳು.