ಪರದೆಯನ್ನು ನೋಡದ ಕಣ್ಣು

ಒಂದು ಛಾಯಾಚಿತ್ರ. ಅಬಿಡ್ಸ್‌ನ ನಮ್ಮ ಧರ್ಮಾಸ್ಪತ್ರೆಯ ನೋಂದಣಿ ಕೌಂಟರ್. ಒಳಗೆ ಕುಳಿತ ಮಹಿಳೆಯ ಹತ್ತೂ ಬೆರಳು ಕೀಲಿಮಣೆಯ ಮೇಲಿವೆ. ಕಪ್ಪು ಪರದೆಯಲ್ಲಿ ಹಸಿರು ಅಕ್ಷರಗಳ ಒಂದೇ ಸಾಲು. ಕಣ್ಣು ಮಾತ್ರ ಅಲ್ಲಿಲ್ಲ. ಕನ್ನಡಕದ ಮೇಲಿನಿಂದ ಹಾದು ಕೌಂಟರಿನಾಚೆ ನೆಟ್ಟಿದೆ. ಆಚೆ ನಿಂತವಳ ಬೆನ್ನು, ಕಟ್ಟೆಯನ್ನು ಬಿಗಿಹಿಡಿದ ಬಳೆಯ ಕೈ, ಇಷ್ಟೇ ಕಾಣುತ್ತವೆ.

ಹೈದರಾಬಾದಿನ ಆಸ್ಪತ್ರೆಗಳಿಗೆ ಗಣಕಯಂತ್ರ ಕಾಲಿಟ್ಟ ದಿನಗಳಿಂದ ರೋಗಿಗಳ ನೋಂದಣಿಯನ್ನು ಒಂದು ಕಲೆಯ ಮಟ್ಟಕ್ಕೆ ಏರಿಸಿದ ಶ್ರೀಮತಿ ನಲಿನಿಬಾಯಿಯವರು ಇಪ್ಪತ್ತೆಂಟು ವರ್ಷಗಳ ಸೇವೆಯ ನಂತರ ಈ ವರ್ಷ, ೨೦೦೪ರ ಮಾರ್ಚ್‌ನಲ್ಲಿ, ನಿವೃತ್ತರಾದರು. ಅವರ ಈ ಅಭಿನಂದನಾ ಸಂಪುಟಕ್ಕೆ ಆ ಚಿತ್ರವನ್ನು ಆರಿಸಿದ ಸಂಪಾದಕರಿಗೆ, ಅದನ್ನು ತೆಗೆದವನು ಈ ಲೇಖಕನೆಂದು ಗೊತ್ತು. ಏಕೆ ತೆಗೆದನೆಂದು ಗೊತ್ತಿಲ್ಲ.

ಗುಮಾಸ್ತೆಯಾಗಿ ಸೇರಿದ್ದ ಅವರು, ೧೯೮೯ರಲ್ಲಿ ಗಣಕ ಬಂದಾಗ ನಲವತ್ತು ಚಿಕ್ಕ ಆದೇಶಗಳನ್ನು ಬಾಯಿಪಾಠ ಮಾಡಿಕೊಂಡರು. ಎರಡಕ್ಷರ ಒತ್ತಿದರೆ ಹಳೆಯ ಚೀಟಿ, ಮೂರಕ್ಷರಕ್ಕೆ ಖಾಲಿ ಹಾಸಿಗೆ. ಬೆರಳು ತಮ್ಮ ಪಾಡಿಗೆ ಓಡುತ್ತಿರಲು, ಅವರು ಸೇಡಂ, ಯಾದಗಿರಿ ಕಡೆಯ ಕೂಲಿಕಾರರ ಮುಖ ನೋಡುತ್ತ ಅವರ ಮಾತಿನಲ್ಲೇ ವಿಚಾರಿಸುತ್ತಿದ್ದರು. ತುಟಿ ನೀಲಿಗಟ್ಟಿದವರನ್ನು, ನಿಂತಲ್ಲೇ ವಾಲುವವರನ್ನು ಸಾಲು ತಪ್ಪಿಸಿ ಒಳಗೆ ಕಳಿಸುತ್ತಿದ್ದರು.

ಊರೆಲ್ಲ ಸಾಫ್ಟ್‌ವೇರಿನ ಮಾತಾಡುತ್ತಿದ್ದ ೧೯೯೯ರಲ್ಲಿ, ಗಣಕ ವಿಭಾಗದ ಮುಖ್ಯಸ್ಥನಾಗಿದ್ದ ಈ ಲೇಖಕ, ಬಣ್ಣದ ಗುಂಡಿಗಳ, ಪುಟ್ಟ ಚಿತ್ರಗಳ ಹೊಸ ವ್ಯವಸ್ಥೆಯನ್ನು ತರಲು ಹೊರಟನು. ತಾನು ಬರೆಯುವ ಕವಿತೆಯಲ್ಲಿ ಒಂದು ಪದ ಹೆಚ್ಚಾದರೂ ಮುನಿಯುತ್ತಿದ್ದವನಿಗೆ, ಪರದೆಯ ಮೇಲೆ ಅದೇ ಮಿತವ್ಯಯ ಬಡತನವಾಗಿ ಕಂಡಿತು.

“ಚಿತ್ರ ಇರ್ಲಿರಿ ವಾಸುದೇವರಾವ್, ಹೊಸದಾಗಿ ಬರೋರಿಗೆ ಭಾಳ ಹಗುರ ಆಗ್ತೈತಿ,” ಎಂದರು ನಲಿನಿಬಾಯಿ. “ಅದರ ಜೋಡಿ ನನ್ನ ಆದೇಶನೂ ಇರ್ಲಿ. ಮೌಸ್ ಹಿಡಿದ್ರ ಕಣ್ಣು ಅದರ ಬೆನ್ನ ಹತ್ತತಾವ. ಮುಂದ ನಿಂತವರನ್ನ ಯಾರು ನೋಡಬೇಕು?”

“ಬಾಯಾರ, ನೀವು ಮೌಸಿಗೆ ಅಂಜಾಕತ್ತೀರಿ,” ಎಂದು ಅವನು ಎಲ್ಲರೆದುರು ನಕ್ಕನು. ಮರುದಿನ ಕ್ಯಾಮೆರಾ ತಂದನು. ಪರದೆಯನ್ನೇ ನೋಡದೆ ಕೆಲಸ ಮಾಡುವ ಅಲಕ್ಷ್ಯಕ್ಕೆ ಸಾಕ್ಷಿಯೆಂದು ಈ ಚಿತ್ರವನ್ನು ತನ್ನ ವರದಿಗೆ ಲಗತ್ತಿಸಿದನು. ಅವರಿಗೆ ಬರಬೇಕಿದ್ದ ಮೇಲ್ವಿಚಾರಕಿಯ ಹುದ್ದೆ ತಪ್ಪಿತು; ನೆಲಮಾಳಿಗೆಯ ದಾಖಲೆ ಕೋಣೆ ಸಿಕ್ಕಿತು.

ಆ ವ್ಯವಸ್ಥೆ ಬಂದ ಮೇಲೆ ಹೊಸ ಹುಡುಗಿಯರು ಎರಡೇ ದಿನದಲ್ಲಿ ಕೆಲಸ ಕಲಿತರೆಂಬುದು ನಿಜ. ಮೂರನೇ ವಾರ, ಸರಿಯಾದ ಗುಂಡಿಗಾಗಿ ಪರದೆಯಲ್ಲಿ ಹುಡುಕುತ್ತಿದ್ದ ಉಷಾಳ ಎದುರಿಗೇ ಬಂಡೆಪ್ಪನೆಂಬ ಗಾರೆ ಕೆಲಸದವನು ಕುಸಿದುಬಿದ್ದನು. ಸಾಲಿನವರು ಕೂಗುವ ತನಕ ಅವಳು ತಲೆಯೆತ್ತಿರಲಿಲ್ಲ. ಅವನು ಬದುಕಿದ. ಹಳೆಯ ಆದೇಶಗಳನ್ನು ಹೊಸ ವ್ಯವಸ್ಥೆಗೆ ಸೇರಿಸಲಾಯಿತು. ಅವನ್ನು ಉಷಾಳಿಗೆ ಕಲಿಸಲು ನಲಿನಿಬಾಯಿಯವರು ತಿಂಗಳಿಡೀ ನೆಲಮಾಳಿಗೆಯಿಂದ ಮೆಟ್ಟಿಲು ಹತ್ತಿ ಬಂದರು. ವರದಿಯನ್ನು ಮಾತ್ರ ಈ ಲೇಖಕ ಹಿಂತೆಗೆದುಕೊಳ್ಳಲಿಲ್ಲ.

ಅವರು ನೂರ್ಕಾಲ ಬಾಳಲಿ. ಊರಿನಿಂದ ಬಂದ ರೋಗಿಗಳೊಡನೆ ಆಸ್ಪತ್ರೆಗಳಿಗೆ ಹೋಗಿ ಅರ್ಜಿ ತುಂಬಿಕೊಡುವ ಅವರ ಈಗಿನ ಕಾಯಕ ಬೆಳೆಯಲಿ.

ಇಲ್ಲಿಯವರೆಗಿನ ಬರಹವನ್ನು, ಚಿತ್ರದ ಕರಡಚ್ಚಿನೊಡನೆ, ಮೊನ್ನೆ ಮಲ್ಕಾಜ್‌ಗಿರಿಯ ಅವರ ಮನೆಗೆ ಒಯ್ದು ಕೊಟ್ಟು ಈ ಲೇಖಕ ತಲೆತಗ್ಗಿಸಿ ಕುಳಿತನು. ಅವರು ನಿಧಾನವಾಗಿ ಓದಿದರು.

“ಫೋಟೋದ ಕೆಳಗ ನನ್ನ ಹೆಸರಷ್ಟೇ ಐತಲ್ರಿ. ಈ ಬೆನ್ನು ಕಾಣಾಕಿ ಶಂಕ್ರಮ್ಮ, ಗುರುಮಠಕಲ್ ಕಡಿಯಾಕಿ. ಅವತ್ತು ಎದಿನೋವು ತಡಕೊಂಡು ನಿಂತಿದ್ಲು. ಆಕಿ ಹೆಸರೂ ಹಾಕ್ರಿ.”

ಐದು ವರ್ಷ ಚಿತ್ರವನ್ನು ತನ್ನ ಬಳಿ ಇಟ್ಟುಕೊಂಡಿದ್ದವನು ಆ ಬಳೆಯ ಕೈ ಯಾರದೆಂದು ಒಮ್ಮೆಯೂ ಯೋಚಿಸಿರಲಿಲ್ಲ.

“ಮತ್ತ ಇದರಾಗ ಬರೆದ ನನ್ನ ವರದಿ ಸುದ್ದಿ?” ಎಂದನು.

“ಅದೂ ಇರ್ಲಿ,” ಎಂದರು.

ಅವನು ಹೊಸ್ತಿಲು ದಾಟಿದನು. ಬೆನ್ನ ಹಿಂದೆ ಬಾಗಿಲು ಮೆಲ್ಲಗೆ ಮುಚ್ಚಿತು.